ನೂಲು ತಿಳಿಯದ ಕಿರುಬೆರಳು

ಕ್ರೋಶಾ ಹೆಣೆಯುವವರನ್ನು ನೋಡುವಾಗ ಎಲ್ಲರ ಕಣ್ಣೂ ಬಲಗೈಯ ಕಡ್ಡಿಯ ಮೇಲೆ ಇರುತ್ತದೆ. ನಿಜವಾಗಿ ಕೆಲಸ ನಡೆಸುವುದು ಎಡಗೈ. ನೂಲನ್ನು ಕಿರುಬೆರಳಿಗೆ ಒಂದು ಸುತ್ತು ಹಾಕಿ ತೋರುಬೆರಳಿನ ಮೇಲೆ ತಂದುಕೊಂಡರೆ, ಎಷ್ಟು ಬಿಡಬೇಕು, ಎಷ್ಟು ಹಿಡಿಯಬೇಕು ಅನ್ನುವುದನ್ನು ಆ ಕಿರುಬೆರಳು ತಾನಾಗಿಯೇ ನೋಡಿಕೊಳ್ಳುತ್ತದೆ. ನಾವು ಮಾತಾಡುತ್ತಿರಬಹುದು, ಹಾಲು ಉಕ್ಕಿತೇ ಎಂದು ಅಡುಗೆಮನೆಯ ಕಡೆ ಕಿವಿ ಇಟ್ಟಿರಬಹುದು, ಅದು ಮರೆಯುವುದಿಲ್ಲ. ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸಿದ ಸಿಸ್ಟರ್ ಇದನ್ನು ಮೊದಲ ದಿನವೇ ಹೇಳಿಕೊಟ್ಟಿದ್ದರು. ನನ್ನ ಕಿರುಬೆರಳು ಮರೆಯತೊಡಗಿದಾಗ ಅದು ಕಾಯಿಲೆಯಿಂದ ಇರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ನೂಲು ಕಳಪೆ ಅಂದುಕೊಂಡೆ.

ನಮ್ಮ ಮನೆ ಹುಣಸೂರು ಕಡೆಯ ಗುರುಪುರದ ಹತ್ತಿರ. ಯಜಮಾನರು ಹೊಗೆಸೊಪ್ಪು ಬೆಳೆಯುತ್ತಾರೆ. ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸುವ ಬ್ಯಾರನ್ನು ಮನೆಯ ಪಕ್ಕದಲ್ಲೇ. ಒಬ್ಬಳೇ ಮಗಳು ಅನಿತಾಳನ್ನು ಕೆ.ಆರ್. ನಗರದ ಕಡೆ ಹೊಸ ಅಗ್ರಹಾರಕ್ಕೆ ಮದುವೆ ಮಾಡಿ ಕೊಟ್ಟ ಮೇಲೆ ಮಧ್ಯಾಹ್ನಗಳು ಖಾಲಿಯಾದವು. ಆಗ ಶುರುವಾಯಿತು ಈ ಗೊಂಬೆಗಳ ಹುಚ್ಚು. ಎಲ್ಲರೂ ಮಾಡುವ ಕರಡಿ, ನಾಯಿಮರಿ ನನಗೆ ಬೇಡವಾಗಿತ್ತು. ಕನ್ನಡಕ ಹಾಕಿದ ಕಪ್ಪೆ, ಕೊಡೆ ಹಿಡಿದ ಆನೆ, ಚಪ್ಪಲಿ ಮೆಟ್ಟಿದ ಹಲಸಿನಹಣ್ಣು ಮಾಡಿದೆ. ಎಲ್ಲಕ್ಕಿಂತ ಹೆಸರು ಮಾಡಿದ್ದು ಮೀಸೆ ತಿರುವಿದ ರಾಗಿಮುದ್ದೆ. ಯಜಮಾನರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು, "ಇದೇನಮ್ಮಿ, ನಮ್ಮಪ್ಪನ್ನೇ ಮಾಡ್ಬುಟ್ಟಿದ್ದೀಯಲ್ಲ" ಅಂದಿದ್ದರು. ಊರಿನ ಮಕ್ಕಳಿಗೆ, ನೆಂಟರ ಮಕ್ಕಳಿಗೆ ಒಂದೊಂದು ಕೊಟ್ಟೆ. ಹಲ್ಲು ಬರುವ ಕೂಸುಗಳು ಅವನ್ನು ಬಾಯಿಗೆ ಹಾಕಿ ಚೀಪುವುದನ್ನು ನೋಡುವುದೇ ಒಂದು ಸುಖವಾಗಿತ್ತು.

ಆಮೇಲೆ ಹೆಣಿಗೆ ಸಡಿಲವಾಯಿತು. ಬಿಗಿಯಾಗಿರಬೇಕಾದ ಹೊಟ್ಟೆಯಲ್ಲಿ ಸಣ್ಣ ಸಣ್ಣ ತೂತು. ಒಳಗೆ ತುಂಬಿದ ಹತ್ತಿ ಇಣುಕಿ ನೋಡುವುದು. ನೂಲು ಬದಲಾಯಿಸಿದೆ, ಕಡ್ಡಿ ಬದಲಾಯಿಸಿದೆ. ಬ್ಯಾರನ್ನಿಗೆ ಏರಿಸಲು ಹೊಗೆಸೊಪ್ಪನ್ನು ಕೋಲುಗಳಿಗೆ ಕಟ್ಟುವ ಕಾಲದಲ್ಲಿ ನಮ್ಮ ಕಡೆ ಹೆಂಗಸರ ಕೈಯೆಲ್ಲ ಸೊಪ್ಪಿನ ಅಂಟಿನಿಂದ ಕಪ್ಪಾಗಿ, ಒರಟಾಗಿ, ಎರಡು ದಿನ ಯಾರದೋ ಕೈಯಂತೆ ಇರುತ್ತದೆ. ಬೆರಳು ಜೋಮು ಹಿಡಿದಿದ್ದನ್ನೂ ಅದರ ಲೆಕ್ಕಕ್ಕೇ ಹಾಕಿದೆ. ಮುಂಗೈ ಮೇಲೆ ಒಂದು ಮಾಸಲು ಮಚ್ಚೆ ಇತ್ತು. ಅದನ್ನು ಚಿಬ್ಬು ಅಂದುಕೊಂಡೆ.

ತೂತು ಮುಚ್ಚುವುದಕ್ಕೆ ಉಪಾಯ ಸಿಕ್ಕಿತು. ಹೆಣಿಗೆಯ ಮೇಲೆ ಕಸೂತಿ. ಒಂದು ತೂತಿನ ಸುತ್ತ ಲೇಜಿ ಡೇಸಿ ಹೊಲಿಗೆಯ ಐದು ಎಸಳಿನ ಹೂವು, ನಡುವೆ ಹಳದಿ ಗಂಟು. ತೂತುಗಳು ಸಾಲಾಗಿ ಬಿಟ್ಟುಕೊಂಡಿದ್ದರೆ ಅದರ ಮೇಲೆ ಸರಪಳಿ ಹೊಲಿಗೆಯ ಬಳ್ಳಿ. ಆನೆಯ ಬೆನ್ನು ತುಂಬ ಹೂವಾಯಿತು. ಕಪ್ಪೆಗೆ ಹೂವಿನ ಜುಬ್ಬ ಬಂತು. ನೋಡಿದವರೆಲ್ಲ, "ಈಗ ನಿಜವಾಗ್ಲೂ ಚೆಂದ ಆಯ್ತು ನೋಡಿ, ಮೊದ್ಲು ಬೋಳುಬೋಳಾಗಿತ್ತು" ಅಂದರು. ಹೂವು ಹೆಚ್ಚಿದ್ದ ಕಡೆ ತೂತು ಹೆಚ್ಚಿದೆ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಅನಿತಾ ಬಸುರಿಯಾಗಿ ನಾಲ್ಕು ದಿನ ಇದ್ದು ಹೋಗಲು ಬಂದಿದ್ದಳು. ಮಧ್ಯಾಹ್ನ ಜಗಲಿಯಲ್ಲಿ ಕುಳಿತು ಹುಟ್ಟುವ ಕೂಸಿಗೆಂದು ಬಿಳಿ ಮೊಲ ಮಾಡುತ್ತಿದ್ದೆ. ಅವಳು ಮಾವಿನಕಾಯಿಗೆ ಉಪ್ಪುಖಾರ ಹಚ್ಚಿಕೊಂಡು ತಿನ್ನುತ್ತಿದ್ದಳು.

"ಅಮ್ಮಾ, ಮೊಲದ ಕಿವಿಗೆ ಕೆಂಪು ಯಾಕ್ ಹಾಕ್ತಿದ್ದೀಯ?"

"ಎಲ್ಲೇ ಕೆಂಪು? ಗುಲಾಬಿ ದಾರ ಇದು."

ಅವಳು ಎದ್ದು ಬಂದು ನನ್ನ ಕೈ ಹಿಡಿದಳು. ಸೂಜಿ ನನ್ನ ಕಿರುಬೆರಳಿನ ತುದಿಯಲ್ಲಿ ಹೊಕ್ಕು ಆಚೆ ಬಂದಿತ್ತು. ದಾರ ಚರ್ಮದೊಳಗಿಂದ ಹಾದು ಮೊಲದ ಕಿವಿಗೆ ಹೋಗಿತ್ತು. ಬೆರಳನ್ನು ಮೊಲಕ್ಕೆ ಸೇರಿಸಿ ಹೊಲಿದುಕೊಳ್ಳುತ್ತಿದ್ದೆ ನಾನು.

"ನೋವಾಗ್ಲಿಲ್ವಾ?"

ಇಲ್ಲ ಅಂದೆ. ಆ ಇಲ್ಲ ಬಾಯಿಂದ ಹೊರಗೆ ಬಂದ ಮೇಲೆ ನನಗೆ ಮೊದಲ ಸಲ ಭಯವಾಯಿತು.

ಚರ್ಮದ ಡಾಕ್ಟರು ಬರುವ ದಿನ ನೋಡಿಕೊಂಡು ಯಜಮಾನರ ಜೊತೆ ಹುಣಸೂರಿನ ಆಸ್ಪತ್ರೆಗೆ ಹೋದೆ. ಸಿಮೆಂಟಿನ ಬೆಂಚು, ಮೇಲೆ ತಿರುಗುತ್ತಿದ್ದರೂ ಗಾಳಿ ಬಾರದ ಫ್ಯಾನು. ಪಕ್ಕದಲ್ಲಿ ಕೂತಿದ್ದ ದಪ್ಪ ಹೆಂಗಸು ತಮ್ಮ ಕುತ್ತಿಗೆಯ ಗಜಕರ್ಣವನ್ನು ಸೆರಗು ಸರಿಸಿ ತೋರಿಸಿ, ಬೆಂಚಿನ ಮರ್ಯಾದೆಯಂತೆ ನನ್ನನ್ನೂ ಕೇಳಿದರು. "ನಿಮ್ಗೇನವ್ವ?"

"ಚಿಬ್ಬು" ಅಂದೆ.

"ಅಯ್ಯೋ, ಅದುಕ್ಕೆ ಇಷ್ಟ್ ದೂರ ಬಂದ್ರಾ? ನಿಂಬೆಹಣ್ಣು ಉಜ್ಕಳಿ, ಓಯ್ತದೆ."

ಒಳಗೆ ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವರು. ಕಣ್ಣು ಮುಚ್ಚಿಸಿ, "ನಾನು ಮುಟ್ಟಿದಾಗ ಹೂಂ ಅನ್ನಿ" ಅಂದರು. ಹತ್ತಿಯ ಎಳೆಯಿಂದ ಮುಟ್ಟುತ್ತಾರಂತೆ. ಶಾಲೆಯಲ್ಲಿ ಎಲ್ಲ ಪ್ರಶ್ನೆಗೂ ಕೈ ಎತ್ತುತ್ತಿದ್ದ ಹುಡುಗಿ ನಾನು. ಗೊತ್ತಾಗದಿದ್ದರೂ ಅವರ ಬಳೆಯ ಸದ್ದು ಕೇಳಿಕೊಂಡು, ಅಂದಾಜಿನ ಮೇಲೆ, ಹೂಂ, ಹೂಂ ಅನ್ನುತ್ತಾ ಹೋದೆ.

"ಈಗ ನಾನು ಮುಟ್ಟೇ ಇರ್ಲಿಲ್ಲಮ್ಮ" ಅಂದರು.

ಕಣ್ಣು ಬಿಟ್ಟೆ. ಅವರು ನಗುತ್ತಿರಲಿಲ್ಲ. ನನ್ನ ಮೊಣಕೈ ಹಿಡಿದು ಒಳಗಡೆ ಏನನ್ನೋ ಹುಡುಕಿದರು. ಅವರ ಬೆರಳಿನ ಕೆಳಗೆ ಹುರಿಯಂತೆ ಒಂದು ನರ ಉರುಳಿತು. ಕಿವಿಯ ಹಾಲೆಯನ್ನು ತುಸು ಗೀರಿ ಪರೀಕ್ಷೆಗೆ ರಸ ತೆಗೆದುಕೊಂಡರು. ಮುಂದಿನ ಸಲ ಹೋದಾಗ ಬಾಗಿಲು ಹಾಕಿಸಿ, ಕುರ್ಚಿಯನ್ನು ನಮ್ಮ ಹತ್ತಿರ ಎಳೆದುಕೊಂಡು ಹೇಳಿದರು. "ಇದು ಕುಷ್ಠ. ಪೂರ್ತಿ ವಾಸಿ ಆಗುತ್ತೆ. ಮಾತ್ರೆ ಇಲ್ಲೇ ಕೊಡ್ತೀವಿ."

ವಾಸಿ ಆಗುತ್ತೆ ಅಂದದ್ದನ್ನು ನಾನು ಕೇಳಿಸಿಕೊಂಡದ್ದು ಮನೆಗೆ ಬಂದ ಎಷ್ಟೋ ಹೊತ್ತಿನ ಮೇಲೆ, ಯಜಮಾನರು ಮತ್ತೆ ಹೇಳಿದಾಗ. ಅಲ್ಲಿ ನನಗೆ ಕಂಡದ್ದು ನಮ್ಮ ಕಾನ್ವೆಂಟಿನ ಗೋಡೆಯ ಮೇಲಿನ ಒಂದು ಚಿತ್ರ. ಕೈಗೆ ಬಟ್ಟೆ ಸುತ್ತಿಕೊಂಡ ಜನ ಊರಾಚೆ ನಿಂತಿದ್ದರು. ಪ್ರಾರ್ಥನೆಯ ಹೊತ್ತಿನಲ್ಲಿ ನಾನು ಅವರ ಕಾಲಬೆರಳುಗಳನ್ನು ನೋಡುತ್ತಿದ್ದೆ. ಚಿತ್ರ ಬರೆದವನು ಬೆರಳುಗಳನ್ನು ಬರೆದಿರಲಿಲ್ಲ.

"ಡಾಕ್ಟ್ರೇ, ನಾನು ಗೊಂಬೆ ಮಾಡ್ತೀನಿ. ಮಕ್ಕಳು ಅದನ್ನ ಬಾಯಿಗೆ ಹಾಕ್ಕೊಳ್ತಾರೆ" ಅಂದೆ.

"ಗೊಂಬೆಯಿಂದ ಬರಲ್ಲಮ್ಮ. ನೀವು ಮಾತ್ರೆ ಶುರು ಮಾಡಿ, ನಿಮ್ಮಿಂದಲೂ ಯಾರಿಗೂ ಹರಡಲ್ಲ. ಮನೇಲಿ ಜೊತೆಗಿದ್ದವರು ಒಂದ್ಸಲ ಬಂದು ತೋರಿಸಿಕೊಳ್ಳಲಿ. ಮಗಳೂ."

ಹೊರಗೆ ಬಂದಾಗ ಗಜಕರ್ಣದ ಹೆಂಗಸು ಅವತ್ತೂ ಅಲ್ಲೇ ಇದ್ದರು. "ಏನಂದ್ರವ್ವ?"

"ಚಿಬ್ಬೇ ಅಂತೆ."

"ನಾನೇಳ್ಲಿಲ್ವಾ!"

ಡಾಕ್ಟರ ಮಾತು ತಲೆಗೆ ಹೋಗಿತ್ತು, ಎದೆಗೆ ಇಳಿದಿರಲಿಲ್ಲ. ಮಾರನೆಯ ದಿನದಿಂದಲೇ ಮನೆಮನೆಗೆ ಹೋಗಿ, ಮೀಸೆ ಸರಿ ಮಾಡಿಕೊಡ್ತೀನಿ, ಕಣ್ಣು ಭದ್ರ ಮಾಡ್ತೀನಿ ಎಂದು ನೆವ ಹೇಳಿ ಹತ್ತಿರದಲ್ಲಿದ್ದ ಗೊಂಬೆಗಳನ್ನೆಲ್ಲ ವಾಪಸು ತಂದೆ. ಹಿತ್ತಲ ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟು ಎಲ್ಲವನ್ನೂ ಕುದಿಸಿದೆ. ಕಸೂತಿಯ ಕೆಂಪು ದಾರ ಬಣ್ಣ ಬಿಟ್ಟಿತು. ಆನೆ, ಕಪ್ಪೆ, ಹಲಸು ಎಲ್ಲ ಒಂದೇ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿ ಗಡಗಡ ಉರುಳುತ್ತಿದ್ದವು. ಯಜಮಾನರು ಹಿತ್ತಲಿಗೆ ಬಂದು ಪಾತ್ರೆಯೊಳಗೆ ಇಣುಕಿದರು.

"ಮುದ್ದೆನ ಎಷ್ಟ್ ಸಲ ಬೇಯಿಸ್ತೀಯಮ್ಮಿ?"

ನಾನು ನಗಲಿಲ್ಲ. ಅವರು ಸೌಟು ತೆಗೆದುಕೊಂಡು ಉರಿ ಕಡಿಮೆ ಮಾಡಿದರು. ಅವತ್ತು ಊಟಕ್ಕೆ ಕೂರುವಾಗ ನಾನು ನನ್ನ ತಟ್ಟೆ, ಲೋಟಗಳನ್ನು ಬೇರೆ ಗೂಡಿನಲ್ಲಿ ಇಟ್ಟಿದ್ದನ್ನೂ ಅವರು ಕಂಡರು. ಅವನ್ನು ತಂದು ತಮ್ಮ ತಟ್ಟೆಯ ಪಕ್ಕ ಇಟ್ಟರು. "ಇಷ್ಟ್ ವರ್ಷ ಒಂದೇ ಕಂಬಳಿ ವದ್ಕಂಡು ಮಲ್ಗಿವ್ನಿ. ಈಗ ಲೋಟ ಬ್ಯಾರೆ ಮಾಡ್ಕಂಡು ಏನ್ ಉಳಿಸ್ಕಳಾನ ಅಂತ?" ಅಂದರು. ಅವರ ಪರೀಕ್ಷೆಯೂ ಆಯಿತು. ಏನೂ ಇಲ್ಲ ಎಂದು, ಮುನ್ನೆಚ್ಚರಿಕೆಗೆ ಒಂದು ಮಾತ್ರೆ ಕೊಟ್ಟು ಕಳಿಸಿದರು. ಆದರೆ ಯಜಮಾನರಿಗೂ ಒಂದು ಮಾತು ಗಟ್ಟಿಯಾಗಿತ್ತು. "ಯಾರ್ಗೂ ಏಳ್ಬೇಡ. ಅದರಲ್ಲೂ ಬೀಗರ ಮನೇಗೆ."

ಅನಿತಾಳಿಗೆ ಹೇಳದೆ ದಾರಿಯಿರಲಿಲ್ಲ. ಫೋನಿನಲ್ಲಿ ನರದ ತೊಂದರೆ ಎಂದು ತಳ್ಳಿದ್ದೆ. ಅವಳು ಬಂದಾಗ ಅಡುಗೆಮನೆಯಲ್ಲಿ ಹೇಳಿದೆ. ಅವಳು ಒಂದು ಹೆಜ್ಜೆ ಹಿಂದೆ ಹೋದಳು, ಎರಡೂ ಕೈ ಹೊಟ್ಟೆಯ ಮೇಲೆ ಬಂದವು. ಆ ಹೆಜ್ಜೆಯನ್ನು ಅವಳು ಬೇಕೆಂದು ಇಡಲಿಲ್ಲ ಎಂದು ನನಗೆ ಆಗಲೂ ಗೊತ್ತಿತ್ತು. ಆದರೂ ಆ ಕಾಯಿಲೆ ನನಗೆ ಕೊಟ್ಟ ನೋವುಗಳಲ್ಲಿ ಅದೇ ದೊಡ್ಡದು. ಸ್ವಲ್ಪ ಹೊತ್ತಿಗೆ ಅವಳೇ ಬಂದು ನನ್ನ ಪಕ್ಕ ಗೋಡೆಗೆ ಒರಗಿ ಕುಳಿತಳು. ಡಾಕ್ಟರಮ್ಮ ಅವಳ ಮೈ ನೋಡಿ ಏನೂ ಇಲ್ಲ ಅಂದರು, ಮಾತ್ರೆ ಹೆರಿಗೆಯ ಮೇಲೆ ನೋಡೋಣ ಅಂದರು. ಬಸ್ಸು ಹತ್ತುವಾಗ ಅನಿತಾ ಕಿವಿಯಲ್ಲಿ ಹೇಳಿದಳು. "ಅತ್ತೆಗೆ ಗೊತ್ತಾದ್ರೆ ಬಾಣಂತನಕ್ಕೆ ನನ್ನ ಇಲ್ಲಿಗೆ ಕಳ್ಸಲ್ಲ ಅಮ್ಮ."

ಮೊದಲ ಹೆರಿಗೆಯ ಬಾಣಂತನ ತವರಿನಲ್ಲಿ. ನಮ್ಮಲ್ಲಿ ಅದು ಕೇಳಿ ಹೇಳಿ ಮಾಡುವ ಮಾತಲ್ಲ. ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವುದು ತಾಯಿಯ ತಾಯಿ. ನಾನು ಆ ಕೂಸಿಗಾಗಿ ಮಗಳ ಮದುವೆಯ ದಿನದಿಂದ ಕಾದಿದ್ದೆ. ಈಗ ಅದನ್ನು ಮುಟ್ಟುವುದೋ ಬೇಡವೋ ಎಂಬುದೊಂದೇ ಪ್ರಶ್ನೆ ನನ್ನ ಜೊತೆ ಏಳುತ್ತಿತ್ತು, ಜೊತೆಗೇ ಸೊಪ್ಪು ಬಿಡಿಸುತ್ತಿತ್ತು, ಜೊತೆಗೇ ಬಟ್ಟೆ ಒಗೆಯುತ್ತಿತ್ತು.

ಮಾತ್ರೆ ನುಂಗಿದ ಮೊದಲ ದಿನ ಮೂತ್ರ ಕೆಂಪಗೆ ಹೋದಾಗ, ಡಾಕ್ಟರು ಮೊದಲೇ ಹೇಳಿದ್ದರೂ ಬಚ್ಚಲಲ್ಲಿ ಗೋಡೆ ಹಿಡಿದುಕೊಂಡು ನಿಂತೆ. ತಿಂಗಳುಗಳು ಹೋದಂತೆ ಮೈ ಕಪ್ಪಾಯಿತು. ಅದು ಮಾತ್ರೆಯ ಬಣ್ಣ, ಆಮೇಲೆ ಹೋಗುತ್ತದೆ ಅಂದರು. ನರಕ್ಕೆಂದು ಕೊಟ್ಟ ಬೇರೆ ಮಾತ್ರೆಯಿಂದ ಮುಖ ಊದಿತು. ಒಲೆಯ ಮುಂದೆ ಬಟ್ಟೆ ಹಿಡಿದೇ ಪಾತ್ರೆ ಇಳಿಸಿ ಎಂದು ಹೇಳಿದ್ದರು. ಒಂದು ದಿನ ಮರೆತು, ಚರ್ಮ ಸುಟ್ಟ ವಾಸನೆ ಬಂದ ಮೇಲೆ ಅದು ನನ್ನದು ಎಂದು ತಿಳಿಯಿತು. ಆ ಬೊಬ್ಬೆ ಮಾಯುವವರೆಗೂ ಅದನ್ನು ನೋಡುತ್ತಿದ್ದೆ, ಯಾರದೋ ಕೈಗೆ ಆದ ಗಾಯದಂತೆ.

ಹೊಸ ಅಗ್ರಹಾರದಲ್ಲಿ ಸೀಮಂತ ಮಾಡಿದರು. ತುಂಬುತೋಳಿನ ಕುಪ್ಪಸ ಹಾಕಿಕೊಂಡು ಹೋದೆ. ಅನಿತಾಳ ಅತ್ತೆ ಗೌರಕ್ಕ ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇದೇನ್ ಬೀಗಿತ್ತಿ, ಇಂಗ್ ಕಪ್ಪಾಗ್ಬುಟ್ಟಿದ್ದೀರಿ? ಬೀಗ್ರು ಸೊಪ್ಪಿನ್ ಜೊತೆ ನಿಮ್ಮನ್ನೂ ಬ್ಯಾರನ್ನಿಗೆ ಆಕಿದ್ರಾ?" ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಬಳೆ ತೊಡಿಸುವ ಹೊತ್ತಿಗೆ ಮಗಳ ಕೈ ಹಿಡಿಯಲು ಎಲ್ಲರೂ ನನ್ನನ್ನೇ ಕರೆದರು. ತಲೆನೋವು ಎಂದು ಹಿಂದೆ ಸರಿದೆ.

ಆಮೇಲೆ ಒಂದು ಸುಳ್ಳು ಹೇಳಿದೆ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಬೆಂಕಿ ಹಾಕುವ ಕಾಲ, ಮನೆ ತುಂಬ ಹೊಗೆ, ಕೂಸಿಗೆ ಒಳ್ಳೆಯದಲ್ಲ, ಬಾಣಂತನ ನಿಮ್ಮಲ್ಲೇ ಆಗಲಿ ಎಂದು ಯಜಮಾನರಿಂದ ಬೀಗರಿಗೆ ಫೋನು ಮಾಡಿಸಿದೆ. ನಾನೇ ಬಿಟ್ಟುಕೊಟ್ಟರೆ ಯಾರೂ ಕಿತ್ತುಕೊಳ್ಳುವ ಹಾಗಿಲ್ಲ ಎಂದುಕೊಂಡಿದ್ದೆ.

ಮೂರನೇ ದಿನಕ್ಕೆ ಗೌರಕ್ಕ ಬಸ್ಸಿಳಿದು ನೇರ ನಮ್ಮ ಜಗಲಿ ಹತ್ತಿದರು. ಚಪ್ಪಲಿ ಬಿಡುವ ಮೊದಲೇ ಮಾತು ಶುರುವಾಗಿತ್ತು.

"ಏನ್ ಬೀಗಿತ್ತಿ, ಒಬ್ಳು ಮಗ್ಳು ಭಾರ ಆದ್ಲಾ ನಿಮ್ಗೆ? ನಮ್ಮೂರೆಲ್ಲ ಹೊಗೆಸೊಪ್ಪು ಕಾಣ್ದೋರಾ? ನಿಮ್ಮತ್ತೆ ಬ್ಯಾರನ್ ಇಟ್ಕಂಡೇ ತಾನೆ ಎತ್ತಿ ಆಡ್ಸಿದ್ದು ಮಕ್ಳ? ಜನ ನನ್ನ ಕೇಳ್ತಾವ್ರೆ, ನಿನ್ ಸೊಸೆಗೆ ತವ್ರಿಲ್ವಾ ಅಂತ. ಏನೇಳ್ಳಿ?"

ಕಾಫಿ ಕೊಟ್ಟೆ. ಅವರು ಒಂದು ಗುಟುಕು ಕುಡಿದು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ನಾನು ತೋಳು ಮೇಲಕ್ಕೆ ಸರಿಸಿ ಮಚ್ಚೆ ತೋರಿಸಿದೆ. ಹೆಸರು ಹೇಳಿದೆ. ಚಿಬ್ಬು ಅನ್ನಲಿಲ್ಲ, ನರ ಅನ್ನಲಿಲ್ಲ. ನಮ್ಮ ಮನೆಯವರಲ್ಲದವರ ಮುಂದೆ ಆ ಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಮಾತ್ರೆ ತಗೊಳ್ತಿದ್ದೀನಿ ಅಕ್ಕ, ಹರಡಲ್ಲ ಅಂತ ಹೇಳಿದ್ದಾರೆ, ಅನಿತಾನ ನೋಡಿದ್ದಾರೆ, ಅವಳಿಗೇನಿಲ್ಲ ಅಂದೆ. ಮಾತುಗಳು ಒಂದರ ಮೇಲೊಂದು ಬಿದ್ದವು.

ಗೌರಕ್ಕ ಕಾಫಿಯ ಲೋಟವನ್ನು ನೋಡಿದರು. ಆಮೇಲೆ ಅದನ್ನು ಮೆಲ್ಲಗೆ, ಸದ್ದಾಗದಂತೆ ಕೆಳಗಿಟ್ಟರು. "ಬಸ್ಸಿಗೆ ಒತ್ತಾಯ್ತು" ಅಂದು ಎದ್ದು ಹೋದರು. ಮುಕ್ಕಾಲು ಕಾಫಿ ಹಾಗೇ ಇತ್ತು. ಕೆನೆ ಕಟ್ಟುವವರೆಗೂ ಅದನ್ನು ನೋಡುತ್ತಾ ಕುಳಿತಿದ್ದೆ.

ಅಲ್ಲಿಂದ ಹೆರಿಗೆಯವರೆಗಿನ ದಿನಗಳನ್ನು ಹೇಗೆ ಬರೆಯಲಿ? ಫೋನು ಮೊಳಗಿದರೆ ಭಯ, ಮೊಳಗದಿದ್ದರೆ ಇನ್ನೂ ಭಯ. ಅನಿತಾ ಕರೆ ಮಾಡಿದಾಗ ಅತ್ತೆ ಏನೂ ಮಾತಾಡ್ತಿಲ್ಲ ಅನ್ನುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು. ಕಡ್ಡಿ ಕೈಗೆತ್ತಿಕೊಂಡರೆ ನೂಲು ಜಾರುತ್ತಿತ್ತು. ಕಿರುಬೆರಳನ್ನು ಬಿಟ್ಟು ನಡುಬೆರಳಿಗೆ ಸುತ್ತು ಹಾಕಿ ನೋಡಿದೆ. ಅಕ್ಷರ ಕಲಿಯುವ ಮಗುವಿನಂತೆ ಸೊಟ್ಟಸೊಟ್ಟ ಸಾಲು ಬಂತು. ಬಿಚ್ಚಿದೆ, ಮತ್ತೆ ಹಾಕಿದೆ.

ಕೆ.ಆರ್. ನಗರದ ಆಸ್ಪತ್ರೆಯಲ್ಲಿ ಹೆಣ್ಣು ಹುಟ್ಟಿತು. ಅಳಿಯಂದಿರು ಫೋನು ಮಾಡಿದಾಗ ಹೋದೆವು. ಯಜಮಾನರು ವಾರ್ಡಿನೊಳಗೆ ಹೋದರು. ನನಗೆ ಬಾಗಿಲು ದಾಟಲಾಗಲಿಲ್ಲ. ಕಾರಿಡಾರಿನ ಗೋಡೆಗೆ ಬೆನ್ನು ಕೊಟ್ಟು, ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತೆ. ಗೌರಕ್ಕ ಹೊರಗೆ ಬಂದು ನನ್ನ ಪಕ್ಕ ನಿಂತರು. ಅವರ ಕಣ್ಣು ಎದುರಿನ ಗೋಡೆಯ ಮೇಲಿತ್ತು.

"ನಾನು ಓಗಿ ಕೇಳ್ಕಂಡ್ ಬಂದೆ" ಅಂದರು. "ಇಲ್ಲಿ ಡಾಕ್ಟ್ರುನ್ನೂ ಕೇಳ್ದೆ, ಮೈಸೂರಲ್ಲೂ ಕೇಳ್ದೆ. ಮಾತ್ರೆ ತಿಂತಾವ್ರೆ ಅಂದ್ರೆ ಅಂಟಲ್ಲ ಅಂತ ಇಬ್ರೂ ಅಂದ್ರು. ಅಂಗಂದ್ ಮಾತ್ರಕ್ಕೆ ನಂಗೆ ಭಯ ಓಗ್ಯದೆ ಅನ್ಕಬೇಡಿ. ಓಗಿಲ್ಲ."

"ನಂಗೂ ಹೋಗಿಲ್ಲ ಅಕ್ಕ" ಅಂದೆ.

ಅವರು ಮೊದಲ ಸಲ ನನ್ನ ಕಡೆ ತಿರುಗಿದರು. "ನೀವು ಏಳ್ದೇ ಇದ್ದಿದ್ರೆ ನಂಗ್ ಗೊತ್ತೇ ಆಯ್ತಿರ್ಲಿಲ್ಲ. ಬಾಣಂತಿನ ಕಳಿಸ್ತೀನಿ. ಕೂಸ್ಗೆ ನೀವೇ ನೀರಾಕಿ."

ಅದನ್ನು ಕೇಳಲೆಂದೇ ಬದುಕಿದ್ದೆ ಎನ್ನುವಂತಿದ್ದ ನಾನು, ಕೇಳಿದ ಕೂಡಲೇ ಬೇಡ ಅಂದೆ. "ಆಗಲ್ಲ ಅಕ್ಕ. ಕೈಗೆ ಬಿಸಿ ಗೊತ್ತಾಗಲ್ಲ. ನೀರು ಸುಡ್ತಿದ್ರೂ ನಂಗೆ ತಿಳಿಯಲ್ಲ. ಕೂಸನ್ನ ಸುಟ್ಟುಬಿಡ್ತೀನಿ." ಹೇಳುತ್ತಾ ಹೇಳುತ್ತಾ ಅಳು ಬಂತು. ಕಾಯಿಲೆಯ ಹೆಸರು ಹೇಳುವಾಗಲೂ ಬಂದಿರಲಿಲ್ಲ.

ಗೌರಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಯೋಚಿಸಿದರು. "ಅಂಗಾದ್ರೆ ನಾನೂ ಬತ್ತೀನಿ" ಅಂದರು.

"ಎಲ್ಲಿಗೆ?"

"ನಿಮ್ಮನೇಗೆ. ಇನ್ನೆಲ್ಲಿಗೆ?"

ಗಂಡಿನ ತಾಯಿ ಬೀಗರ ಮನೆಯಲ್ಲಿ ಬಾಣಂತನಕ್ಕೆ ಬಂದು ನಿಂತದ್ದನ್ನು ನಾನಂತೂ ಕೇಳಿಲ್ಲ. "ಜನ ನಗ್ತಾರಲ್ಲ ಅಕ್ಕ" ಅಂದೆ.

"ನಗ್ಲಿ ಬುಡಿ. ಬೀಗಿತ್ತಿ ಕೈಯಲ್ಲಿ ಮೂರೊತ್ತು ಕೂತ್ಕಂಡ್ ತಿನ್ನೋ ಯೋಗ ಎಲ್ರಿಗೂ ಎಲ್ಲದೆ?"

ಬಂದರು, ದೊಡ್ಡ ಬ್ಯಾಗು, ತಮ್ಮದೇ ಲೋಟ ಹಿಡಿದುಕೊಂಡು. ಆ ಲೋಟವನ್ನು ನಾನು ನೋಡಿದೆ, ನೋಡಿದ್ದನ್ನು ಅವರೂ ನೋಡಿದರು.

ನನ್ನ ಮಾತ್ರೆಗಳು ಈಗ ಮುಗಿದಿವೆ. ಮೈಬಣ್ಣ ತಿಳಿಯಾಗುತ್ತಿದೆ. ಕಿರುಬೆರಳಿಗೆ ಅರ್ಧ ಜೀವ ಬಂದಿದೆ, ಉಳಿದರ್ಧ ಬರುತ್ತದೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ. ಮೈಮೇಲೆ ಏನಾದರೂ ಕಾಣಿಸಿಕೊಂಡಾಗ ಈಗಲೂ ಕಿಟಕಿಯ ಬೆಳಕಿಗೆ ಓಡುತ್ತೇನೆ, ಪಿನ್ನಿನಿಂದ ಚುಚ್ಚಿ ನೋಡಿಕೊಳ್ಳುತ್ತೇನೆ. ಓದುತ್ತಿರುವ ನಿಮ್ಮಲ್ಲಿ ಯಾರಾದರೂ ತಮ್ಮ ಮಚ್ಚೆಗೆ ನಿಂಬೆಹಣ್ಣು ಉಜ್ಜುತ್ತಾ, ಬೆಂಚಿನ ಮೇಲೆ ಪಕ್ಕದವರಿಗೆ ಬೇರೆ ಹೆಸರು ಹೇಳುತ್ತಾ ಕುಳಿತಿದ್ದರೆ, ನಾನೂ ಅದೇ ಬೆಂಚಿನಲ್ಲಿ ಕುಳಿತಿದ್ದೆ ಎಂದು ತಿಳಿಯಿರಿ. ಒಳಗೆ ಹೋಗಿ. ಕಣ್ಣು ಮುಚ್ಚಿಸಿದಾಗ ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಅನ್ನಿ.

ಆ ಬಾಣಂತನದಲ್ಲಿ ಕೂಸಿಗೆ ಮೊದಲ ನೀರು ಹಾಕಿದ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಮಣೆ ಹಾಕಿ ಕುಳಿತು, ಸೀರೆಯನ್ನು ಮಂಡಿಯವರೆಗೆ ಎತ್ತಿ ಕಾಲು ಚಾಚಿದೆ. ಗೌರಕ್ಕ ಬಿಸಿನೀರು, ತಣ್ಣೀರು ಬೆರೆಸಿ ಮೊಣಕೈ ಅದ್ದಿ ನೋಡಿದರು. ಸಾಲದೆಂದು ಮತ್ತೆ ಅದ್ದಿದರು. ಅನಿತಾ ಬಾಗಿಲಲ್ಲಿ ನಿಂತು ಕೂಸನ್ನು ಚಾಚಿದಳು. ನಾನು ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದುದನ್ನು ಕಂಡು ಗೌರಕ್ಕ ತಾವೇ ತೆಗೆದುಕೊಂಡು, ನನ್ನ ಕಾಲುಗಳ ಮೇಲೆ ಕೂಸನ್ನು ಮಲಗಿಸಿದರು.

"ನೀರಿನ್ ಹದ ಸರ್ಯಾಗ್ ಅದೆ. ಉಯ್ರಿ ಬೀಗಿತ್ತಿ."

ಚೊಂಬೆತ್ತಿ ಸುರಿದೆ. ಕೂಸು ಕಿರುಚಿ ಒದೆಯಿತು. ಅದರ ಹಿಮ್ಮಡಿ, ಬೆನ್ನಿನ ಬಿಸಿ, ಎಣ್ಣೆಯ ಜಾರು, ಉಸಿರು ಏರಿಳಿಯುವುದು, ಎಲ್ಲವೂ ನನ್ನ ಕಾಲುಗಳಿಗೆ ಗೊತ್ತಾಗುತ್ತಿತ್ತು.

"ಇನ್ನೊಂದ್ ಚೊಂಬು" ಅಂದೆ.